ನೆರಳೂರಿನ ದೀಪಗಳು

ಕಾಳಗಿನಕೊಪ್ಪದ ಪೇಟೆಯ ಕೊನೆಗೆ ಹಳೆಯದೊಂದು ಅಕ್ಕಿ ಗಿರಣಿ. ಅದು ಭತ್ತ ಕಾಣದೆ ಬಹಳ ಕಾಲವಾಗಿತ್ತು. ಅಂಗಳದಲ್ಲಿ ಈಗ ಪಕ್ಷದ ಜೀಪುಗಳು ನಿಲ್ಲುತ್ತಿದ್ದವು. ಆದರೆ ಮರದ ಮೆಟ್ಟಿಲೇರಿ ಮಹಡಿಗೆ ಹೋದವರಿಗೆ ಅಲ್ಲಿ ಒಂದು ಇಡೀ ಕ್ಷೇತ್ರವೇ ಕಾಣುತ್ತಿತ್ತು. ಗೋಡೆಯುದ್ದಕ್ಕೂ ಕಪ್ಪು ಗಾಜು. ಗಾಜಿನೊಳಗೆ ಊರಿಗೊಂದು ಗುಂಪಾಗಿ ಸಾಸಿವೆಯಷ್ಟು ಸಣ್ಣ ಸಣ್ಣ ದೀಪಗಳು. ಒಂದೊಂದು ದೀಪವೂ ಒಬ್ಬೊಬ್ಬ ಮತದಾರ. ಜನ ಅದನ್ನು ನೆರಳೂರು ಎನ್ನುತ್ತಿದ್ದರು.

ದೇವರು ಮನುಷ್ಯನನ್ನು ಮಾಡುವಾಗ ಮನಸ್ಸನ್ನು ಒಳಗೆ ಬಚ್ಚಿಟ್ಟ. ಯಾರ ಒಳಗೆ ಏನಿದೆಯೆಂದು ಮಗ್ಗುಲಲ್ಲಿ ಮಲಗಿದವರಿಗೂ ತಿಳಿಯಬಾರದು ಎಂಬುದು ಅವನ ಏರ್ಪಾಟು. ನೆರಳೂರು ಆ ಏರ್ಪಾಟಿನ ಬೀಗ ತೆಗೆದಿತ್ತು. ಜನ ಫೋನಿನಲ್ಲಿ ಆಡಿದ್ದು, ನಕ್ಕಿದ್ದು, ಬೈದದ್ದು, ಯಾವ ಭಜನೆ ಕೇಳುತ್ತ ನಿದ್ದೆ ಹೋದರು, ಯಾವ ಸುದ್ದಿ ಬಂದಾಗ ಅವರ ಬೆರಳು ಸರಕ್ಕನೆ ಮುಂದಕ್ಕೆ ಸರಿಯಿತು, ಇದೆಲ್ಲ ಸೇರಿ ಸೇರಿ ಯಂತ್ರದೊಳಗೆ ಅವರವರದೇ ಒಂದು ನೆರಳು ಬೆಳೆದಿತ್ತು. ಆ ನೆರಳಿಗೆ ಒಂದು ಮಾತು ಹೇಳಿದರೆ, ನಿಜವಾದ ಮನುಷ್ಯ ಏನು ಮಾಡುವನೋ ಅದನ್ನೇ ಅದೂ ಮಾಡುತ್ತಿತ್ತು. ಒಪ್ಪಿದರೆ ದೀಪ ಬೆಳಗುವುದು, ಮುನಿದರೆ ಮಂಕಾಗುವುದು. ಹೀಗಾಗಿ ಈಗ ಯಾವ ಪಕ್ಷದವರೂ ನೇರವಾಗಿ ಊರಿಗೆ ಹೋಗಿ ಬಾಯಿ ಬಿಡುತ್ತಿರಲಿಲ್ಲ. ಮೊದಲು ನೆರಳೂರಿನಲ್ಲಿ ಆಡಿ, ಅಲ್ಲಿ ಬೆಳಗಿದ ಮಾತನ್ನಷ್ಟೇ ಊರಿಗೆ ಒಯ್ಯುತ್ತಿದ್ದರು.

ಆ ಮಧ್ಯಾಹ್ನ ಉಪಚುನಾವಣೆಯ ಅಭ್ಯರ್ಥಿ ಅನಸೂಯಾ ಸಿದ್ದಿ ಆ ಗಾಜಿನೆದುರು, ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಬೆನ್ನು ತಾಗಿಸಿ ಕೂರುವ ಅಭ್ಯಾಸ ಅವಳಿಗಿರಲಿಲ್ಲ. ಸರಕಾರಿ ಉಪಕೇಂದ್ರದಲ್ಲಿ ನರ್ಸಾಗಿ ಆಯುಷ್ಯದ ಅರ್ಧ ಸವೆಸಿದವಳು. ಯಾವ ಗಳಿಗೆಯಲ್ಲಿ ಯಾರು ಬಾಗಿಲು ಬಡಿದರೂ ಏಳಬೇಕಾದವಳು. ಕಾಳಿ ನದಿಯ ಈಚೆ ದಂಡೆಯ ಹಳ್ಳಿಗಳಲ್ಲಿ ಅವಳ ಕೈಗೆ ಹುಟ್ಟಿದ ಮಕ್ಕಳೇ ಈಗ ಮತ ಹಾಕುವ ವಯಸ್ಸಿಗೆ ಬಂದಿದ್ದರು. ಅವಳ ಸಿದ್ದಿ ಪೂರ್ವಜರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಮಾರಿದ್ದರು. ಅವರು ಯಜಮಾನರಿಂದ ತಪ್ಪಿಸಿಕೊಂಡು ಬಂದು ಈ ತೇಗದ ಕಾಡಿನಲ್ಲಿ ಬೆರೆತುಹೋಗಿದ್ದರು. ಬಾಯಲ್ಲಿ ಈ ನೆಲದ ಮಾತು, ಮೈಮೇಲೆ ಆ ನೆಲದ ಬಣ್ಣ. ಅನಸೂಯಾ ಎಲ್ಲ ಮನೆಗಳಿಗೂ ಬೇಕಾದವಳೆಂದೇ ಪಕ್ಷ ಅವಳನ್ನು ಹುಡುಕಿಕೊಂಡು ಬಂದಿತ್ತು.

ಅವಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಸಭೆಯಲ್ಲಿ ಒಂದು ಮಾತು ಆಡಲು ಬಿಡಬೇಕು. ಅದು ಇದು: "ಸರಕಾರ ಕೊಟ್ಟ ಪ್ರಾಣಪಟ್ಟಿಗೆ ನಮ್ಮ ಕಪ್ಪು ಚರ್ಮ ಓದಾಕ ಬರೂದಿಲ್ಲ. ಅದಕ್ಕ ನನ್ನ ತಮ್ಮ ಭೈರು ಸಿದ್ದಿ ಸತ್ತ."

ಪ್ರಾಣಪಟ್ಟಿ ಎಂದರೆ ಪ್ರತಿಯೊಬ್ಬರ ಮುಂಗೈಗೂ ಕಟ್ಟಿದ ಬಳೆಯಂಥ ಪಟ್ಟಿ. ಅದು ಚರ್ಮದೊಳಕ್ಕೆ ಬೆಳಕು ಬಿಟ್ಟು, ತಿರುಗಿ ಬಂದ ಬೆಳಕಿನಿಂದ ರಕ್ತದಲ್ಲಿ ಉಸಿರು ಎಷ್ಟಿದೆಯೆಂದು ಓದುತ್ತಿತ್ತು. ಉಸಿರು ಕುಂದಿದರೆ ಪಟ್ಟಿ ಕೆಂಪಾಗುವುದು. ಕೆಂಪಾದರೆ ತಾಲ್ಲೂಕು ಆಸ್ಪತ್ರೆಯ ಗೇಟು ತಾನಾಗಿ ತೆರೆದು ಆಕ್ಸಿಜನ್ ಹಾಸಿಗೆ ಸಿಗುವುದು. ಅದು ಬಂದಮೇಲೆ ಉಳಿದ ಜೀವಗಳು ಬಹಳ. ಆದರೆ ಕಪ್ಪು ಚರ್ಮ ಬೆಳಕನ್ನು ತಾನೇ ಹೀರಿಕೊಳ್ಳುತ್ತದೆ. ಪಟ್ಟಿಗೆ ಕಲಿಸಿದವರು ತೆಳು ಬಣ್ಣದ ಕೈಗಳ ಮೇಲೆ ಕಲಿಸಿದ್ದರು. ಸಿದ್ದಿಯ ಕೈಯ ಮೇಲೆ ಅದಕ್ಕೆ ದಾರಿ ತಪ್ಪುತ್ತಿತ್ತು. ತಪ್ಪಿದಾಗಲೆಲ್ಲ ಅದು ಹಸಿರನ್ನೇ ತೋರಿಸುತ್ತಿತ್ತು.

ಹಿಂದಿನ ಚಳಿಗಾಲ ಭೈರು ಅದೇ ಗೇಟಿನೆದುರು ನಿಂತಿದ್ದ. ಅವನ ತುಟಿಯ ಒಳಮೈ ಬೂದಿಯ ಬಣ್ಣಕ್ಕೆ ತಿರುಗಿದ್ದನ್ನು ಅನಸೂಯಾ ಬೆರಳಿಂದ ಬಿಡಿಸಿ ನೋಡಿದ್ದಳು. ಪಟ್ಟಿ ಅವರೆಕಾಯಿಯ ಹಸಿರು. "ನೀವು ಆರೋಗ್ಯವಾಗಿದ್ದೀರಿ, ಮನೆಗೆ ಹೋಗಿ ವಿಶ್ರಾಂತಿ ಪಡೆಯಿರಿ" ಎಂದು ಗೇಟು ಜೇನಿನಂಥ ದನಿಯಲ್ಲಿ ಹೇಳಿತು. ಮರಳಿ ಬರುವ ಟೆಂಪೋದಲ್ಲಿ, ಅಕ್ಕನ ತೊಡೆಯ ಮೇಲೆ ಅವನು ಹೋದ. ಉಸಿರು ನಿಂತು ಕೆಲಹೊತ್ತಿನವರೆಗೂ ಪಟ್ಟಿ ಹಸಿರಾಗಿಯೇ ಇತ್ತು.

ಅವಳು ಮೇಲಿನವರಿಗೆಲ್ಲ ಬರೆದಳು. ಬಂದ ಉತ್ತರ ವಿನಯದಿಂದ ಕೂಡಿತ್ತು: ಇಲಾಖೆಯ ದಾಖಲೆಯಲ್ಲಿ ರೋಗಿಯ ಬಣ್ಣ ಬರೆದುಕೊಳ್ಳುವ ಪದ್ಧತಿಯಿಲ್ಲ, ಎಲ್ಲರನ್ನೂ ಒಂದೇ ಎಂದು ಕಾಣುತ್ತೇವೆ, ಆದಕಾರಣ ತಾವು ಹೇಳುವುದನ್ನು ಪರೀಕ್ಷಿಸಲು ಬರುವುದಿಲ್ಲ. ಹತ್ತು ಸಾವಿರ ಜನರೆದುರು ಗಟ್ಟಿಯಾಗಿ ಹೇಳಿದರಷ್ಟೇ ಯಾರಾದರೂ ತಿರುಗಿ ನೋಡಿಯಾರು ಎಂದುಕೊಂಡೇ ಅವಳು ಚುನಾವಣೆಗೆ ನಿಂತದ್ದು. ಮನೆಯಲ್ಲಿ ಭೈರುವಿನ ಮಗಳು ಮುಕ್ತಾ ಇದ್ದಳು. ಅಪ್ಪನ ಎದೆಗೂಡನ್ನೇ ಹೊತ್ತು ಹುಟ್ಟಿದ ಹುಡುಗಿ. ಚಳಿ ಬಿದ್ದರೆ ಅವಳ ಎದೆಯೊಳಗೆ ಬೆಕ್ಕು ಮಲಗಿದಂತೆ ಗುರುಗುರು ಸದ್ದು. ಚಳಿ ಮತ್ತೆ ಬರಲಿಕ್ಕಿತ್ತು.

"ತನುಜಾ, ಅಕ್ಕಾರ ಮಾತು ಬಿಡವಾ, ನೋಡೂಣು," ಎಂದರು ಪಕ್ಷದ ಜಿಲ್ಲಾ ಅಧ್ಯಕ್ಷ ನೀಲಕಂಠ ದೇಸಾಯರು. ವಯಸ್ಸಾದವರು, ಹಣೆಗೆ ವಿಭೂತಿ, ಮಾತಿನಲ್ಲಿ ಮೆತ್ತಗೆ.

ಯಂತ್ರದ ಉಸ್ತುವಾರಿ ನೋಡುವ ಹುಬ್ಬಳ್ಳಿಯ ಹುಡುಗಿ ತನುಜಾ ಗುಂಡಿ ಒತ್ತಿದಳು. ಬಿಸಿಲಿನ ಗದ್ದೆಯ ಮೇಲೆ ಮೋಡದ ನೆರಳು ಹಾಯುವಂತೆ ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಮಂಕು ಹಬ್ಬಿತು. ಹೊಸಕೊಪ್ಪ ಮಂಕಾಯಿತು, ಪೇಟೆ ಮಂಕಾಯಿತು, ಹೊಳೆಯಾಚೆಯ ಊರುಗಳು ಕಾಣದಷ್ಟು ಮಂಕಾದವು.

"ನೋಡಿ ಅಕ್ಕ, ನಾನು ಹೇಳೂದಲ್ಲ ಇದು. ಗೋಡೆ ಹೇಳೂದು," ಎಂದ ಪ್ರಚಾರದ ಹೊಣೆ ಹೊತ್ತ ಮಧುಕೇಶ್ವರ ಹೆಗಡೆ. ಶಿರಸಿಯ ಕಡೆಯವನು, ಮಾತಿಗೊಮ್ಮೆ ಕನ್ನಡಕ ಒರೆಸುವವನು.

"ಗೋಡಿ ಹೇಳತೈತಿ ಅಂತ ಖರೇ ಮಾತು ಬಿಡಾಕ ಬರತೈತೇನ್ರಿ ಹೆಗಡೇರ?" ಎಂದರು ಪಕ್ಷದ ಹಿರಿಯ ಇಸ್ಮಾಯಿಲ್ ಮಾಸ್ತರ. "ಚುನಾವಣಾಕ್ಕ ನಾವು ನಿಂತೀವೋ, ಗೋಡಿ ನಿಂತೈತೋ?"

"ಗೋಡೆ ನಿಂತ್ರೆ ಡಿಪಾಜಿಟ್ಟಾದ್ರೂ ಉಳೀತದೆ ಮಾಸ್ತರೆ."

ಎಲ್ಲರೂ ನಕ್ಕರು. ಮಾಸ್ತರರೂ ನಕ್ಕರು. ಆಮೇಲೆ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, "ಸಿದ್ದಿ ಹೆಣಮಗಳನ್ನ ನಿಲ್ಲಿಸಿ, ಸಿದ್ದಿ ಅನ್ನಬ್ಯಾಡ ಅಂದ್ರ ಹೆಂಗ? ಪೋಸ್ಟರಿನ್ಯಾಗ ಆಕಿ ಮಾರಿ ಮಂದೀಗೆ ಕಾಣೂದಿಲ್ಲೇನು?" ಎಂದರು.

"ಕಾಣಲಿ, ಚಂದ. ಕಂಡದ್ದನ್ನ ಬಾಯಲ್ಲಿ ಹೇಳೂದು ಬೇಡ. ಕಂಡ್ರೆ ಜನ ಪ್ರೀತಿ ಮಾಡ್ತಾರೆ. ಹೇಳಿದ್ರೆ ಲೆಕ್ಕ ಹಾಕೂಕೆ ಶುರು ಮಾಡ್ತಾರೆ: ಇವ್ರಿಗೆ ಏನು ಸಿಕ್ತದೆ, ನಮ್ದು ಏನು ಹೋಗ್ತದೆ ಅಂತ."

ಪೋಸ್ಟರಿನ ಮಾತೂ ಹಾಗೆಯೇ ಇತ್ತು. ಅದರಲ್ಲಿ ಎಲ್ಲರ ಮೇಲೂ ಸಂಜೆಯ ಹೊಂಬಿಸಿಲು ಬಿದ್ದಿತ್ತು. ದೇಸಾಯರು, ಹೆಗಡೆ, ಅನಸೂಯಾ ಮೂವರೂ ಬೆಲ್ಲದ ಒಂದೇ ಪಾಕದಲ್ಲಿ ಅದ್ದಿ ತೆಗೆದಂತೆ ಕಾಣುತ್ತಿದ್ದರು. ಆ ಬಿಸಿಲನ್ನೂ ನೆರಳೂರೇ ಆರಿಸಿತ್ತು.

"ಯಾಕ ಮಂಕಾತು ಅಂತ ಕೇಳಾಕ ಬರತೈತೇನವಾ?" ಅನಸೂಯಾ ಕೇಳಿದಳು.

"ಬರತೈತ್ರಿ ಮೇಡಂ. ಯಾರನ್ನ ಮಾತಾಡಸಲಿ?"

"ಹೊಸಕೊಪ್ಪದ ಗಂಗವ್ವನ್ನ."

ಗಂಗವ್ವನ ಹೆರಿಗೆಯಲ್ಲಿ ಮಗು ಅಡ್ಡ ತಿರುಗಿತ್ತು. ಹೊಳೆ ತುಂಬಿ ಹರಿಯುವಾಗ ಅನಸೂಯಾ ದೋಣಿಯಲ್ಲಿ ಹೋಗಿ ಎರಡು ಜೀವವನ್ನೂ ಉಳಿಸಿ ಬಂದಿದ್ದಳು. ಗಾಜಿನೊಳಗಿಂದ ಗಂಗವ್ವನ ದನಿ ಬಂತು. ಅದೇ ದನಿ, ಅದೇ ಎಳೆತ, ಮಾತಿನ ಮೊದಲಿನ ಅದೇ ನಿಟ್ಟುಸಿರು.

"ಅನಸೂಯಕ್ಕ ದೇವರಂಥಾಕಿ. ನನ್ನ ಮಗನ ಹೊಕ್ಕಳಬಳ್ಳಿ ಕೊಯ್ದಾಕಿ ಆಕೀನ. ಆದ್ರ ಈಗ ತಮ್ಮವ್ರ ಮಾತಷ್ಟ ಆಡಾಕತ್ಯಾಳ. ಪಟ್ಟಿ ನಮಗ ಬರೋಬ್ಬರಿ ನಡದೈತಿ. ಇವ್ರ ಸಲುವಾಗಿ ಅದನ್ನ ಎಲ್ಲಾರ ಕೈಯಿಂದ ಬಿಚಿಗೊಂಡು ಹೋದ್ರ? ನನ್ನ ಮಗನ ಗತಿ ಏನು?"

ಅನಸೂಯಾಗೆ ಸಿಟ್ಟು ಬರಲಿಲ್ಲ. ಆ ಮಾತಿನಲ್ಲಿ ದ್ವೇಷವಿದ್ದಿದ್ದರೆ ಎದುರು ನಿಂತು ಜಗಳವಾಡಬಹುದಿತ್ತು. ಇದ್ದದ್ದು ಮಗನಿಗೇನಾದೀತೋ ಎಂಬ ಅಂಜಿಕೆ. ಅದಕ್ಕೆ ಯಾವ ಮದ್ದು ಕೊಡಬೇಕೆಂದು ಅವಳಿಗೆ ಹೊಳೆಯಲಿಲ್ಲ.

* * *

ಬಿದರಮಾಳದ ಮನೆಯಲ್ಲಿ ಆಯಿ ಕೌದಿ ಹೊಲಿಯುತ್ತ ಕೂತಿದ್ದಳು. ಅನಸೂಯಾಳ ತಾಯಿ ಸೋಮಕ್ಕನನ್ನು ಮನೆಯವರೆಲ್ಲ ಆಯಿ ಎಂದೇ ಕರೆಯುವುದು. ಕಣ್ಣಿಗೆ ಪೊರೆ ಬಂದಿದ್ದರೂ ಸೂಜಿ ಹಾದಿ ತಪ್ಪುತ್ತಿರಲಿಲ್ಲ. ಈ ಸಲದ ಕೌದಿಗೆ ಭೈರುವಿನ ಅಂಗಿಗಳನ್ನೇ ಹರಿದು ತುಂಡು ಮಾಡಿದ್ದಳು. ಚಳಿಗಾಲಕ್ಕೆ ಮುಕ್ತಾಗೆ ಹೊದಿಸಲು.

"ಇದು ಮದಿವ್ಯಾಗ ಹಾಕ್ಕೊಂಡಿದ್ದು," ಎಂದು ತುಂಡು ಮುಟ್ಟಿ ಹೇಳುವಳು, "ಇದು ಡಿಪೋದಾಗ ತೇಗದ ನಾಟಾ ಎತ್ತುವಾಗ ಹರಕೊಂಡಿದ್ದು." ಸಾವಿರ ತೇಪೆಯಿದ್ದರೂ ಯಾವ ತೇಪೆ ಯಾರ ಮೈಯದೆಂದು ಅವಳ ಬೆರಳಿಗೆ ಗೊತ್ತು.

"ಏನಂದ್ರು ಆ ಮಂದಿ?"

"ನೋಡೂಣು ಅಂದ್ರು ಆಯಿ."

"ನೋಡೂಣು ಅಂದ್ರ ಆಗೂದಿಲ್ಲಂತ."

"ಹಂಗಲ್ಲ ಆಯಿ. ಇನ್ನೂ ಚರ್ಚಾ ನಡದೈತಿ."

"ಸತ್ತಂವ ಸತ್ತಾನಂತ ಹೇಳಾಕ ಎಂಥಾ ಚರ್ಚಾ?" ಆಯಿ ದಾರವನ್ನು ಹಲ್ಲಿನಿಂದ ಕಡಿದಳು. "ನೀ ಹಿರೇರಿಗೆ ಹೇಳೀದಿ, ನೆನಪೈತಿಲ್ಲೋ?"

ನೆನಪಿತ್ತು. ಅಡುಗೆಮನೆಯ ಮೂಲೆಯಲ್ಲಿ ಮಣ್ಣಿನ ಸಣ್ಣ ಕಟ್ಟೆ, ಕಟ್ಟೆಯ ಮೇಲೆ ಅರಿಶಿನ ಹಚ್ಚಿದ ತೆಂಗಿನಕಾಯಿ, ಅದರ ಮುಂದೆ ಹಣತೆ. ಅದೇ ಹಿರೇರು. ಮನೆಯಲ್ಲಿ ಸತ್ತವರೆಲ್ಲ ಆ ಮೂಲೆಯಲ್ಲಿ ಕೂತು ಉಳಿದವರ ಮಾತು ಕೇಳುತ್ತಾರೆ. ಮನೆಯಿಂದ ದೊಡ್ಡ ಕೆಲಸಕ್ಕೆ ಹೊರಟವರು ಹಿರೇರ ಮುಂದೆ ಕೂತು, ಏನು ಮಾಡಲು ಹೊರಟಿದ್ದೇನೆಂದು ಬಾಯಿಬಿಟ್ಟು ಹೇಳಬೇಕು. ಮುಗಿದಮೇಲೆ ಮತ್ತೆ ಬಂದು, ಆದದ್ದನ್ನು ಆದಂತೆಯೇ ಹೇಳಬೇಕು. ಮನಸ್ಸಿನಲ್ಲಿ ನೆನೆದರೆ ಸಾಲದು. ಸತ್ತವರಿಗೆ ಮನಸ್ಸು ಕಾಣುವುದಿಲ್ಲ, ದನಿಯಷ್ಟೇ ಕೇಳುತ್ತದೆ ಎಂಬುದು ಅವರ ನಂಬಿಕೆ. ನಾಮಪತ್ರ ಕೊಡಲು ಹೋಗುವ ಬೆಳಿಗ್ಗೆ ಅನಸೂಯಾ ಅಲ್ಲಿ ಕೂತು, "ಭೈರುನ ಮಾತು ಮಂದಿ ಮುಂದ ಆಡಾಕ ಹೊಂಟೀನಿ" ಎಂದು ಹೇಳಿ ಬಂದಿದ್ದಳು.

ಮುಕ್ತಾ ಓಡಿ ಬಂದು ಅವಳ ತೊಡೆ ಏರಿದಳು. "ಅತ್ತೀ, ನೀ ಎಮ್ಮೆಲ್ಲೆ ಆದ್ರ ನಿನಗ ಕುಂಯ್ ಕುಂಯ್ ಅನ್ನೂ ಕಾರು ಕೊಡತಾರಂತ, ಹೌದ?"

"ಅದು ಮಂತ್ರಿಗಳಿಗೆ ಪುಟ್ಟಿ."

"ಹಂಗಾರ ಮಂತ್ರೀನ ಆಗಿಬಿಡು. ನಿನಗೇನು ತ್ರಾಸು?"

ಅನಸೂಯಾ ನಗುತ್ತ ಅವಳ ಬೆನ್ನಿಗೆ ಕಿವಿಯಿಟ್ಟಳು. ಸದ್ಯಕ್ಕೆ ಬೆಕ್ಕು ಮಲಗಿತ್ತು. ಹುಡುಗಿಯ ಮುಂಗೈಯಲ್ಲಿ ಪಟ್ಟಿ ಹಸಿರಾಗಿ ಮಿನುಗುತ್ತಿತ್ತು. ಈಗ ಅದು ನಿಜವಾದ ಹಸಿರೇ. ಸುಳ್ಳಿನ ಹಸಿರೂ ಇದೇ ಬಣ್ಣದ್ದು.

* * *

ಮರುದಿನ ಮಾತನ್ನು ಹೊರಳಿಸಿ ಹೊರಳಿಸಿ ನೋಡಿದರು. ಸಿದ್ದಿ ಎಂಬುದನ್ನು ತೆಗೆದು 'ಕಾಡಿನ ಜನ' ಎಂದು ಹಾಕಿದರು; ಮಂಕು. 'ಬಡವರು' ಎಂದು ಹಾಕಿದರು; ಗೋಡೆ ಒಮ್ಮೆಲೇ ಬೆಳಗಿತು.

"ಬಡವ್ರು ಅಂದ್ರೆ ಏನು ತಪ್ಪು ಅಕ್ಕ? ಸುಳ್ಳಲ್ವಲ," ಎಂದ ಹೆಗಡೆ.

"ಸುಳ್ಳದು. ಬಡವರ ಕೈಯಾಗ ಪಟ್ಟಿ ಸರಿ ಐತಿ. ನಾಳೆ ನಮ್ಮೊಳಗ ಒಬ್ಬ ಸಾವ್ಕಾರ ಆದ್ರ ಅವಂಗೂ ಹಸಿರ ತೋರಸತೈತಿ. ಬಡವರದು ಅಂತ ಹೇಳಿದ್ರ ಇನ್ನೊಂದೀಟು ಪಟ್ಟಿ ಪುಕ್ಕಟೆ ಹಂಚತಾರ. ಅದ ಪಟ್ಟಿ."

ಹೆಗಡೆ ಕನ್ನಡಕ ಒರೆಸಿದ. ಅವನಿಗೆ ಅವಳ ಮಾತು ಅರ್ಥವಾಗಲಿಲ್ಲವೆಂದಲ್ಲ. ಎಲ್ಲರಿಗೂ ಅರ್ಥವಾಗಿತ್ತು. ಆ ಕೋಣೆಯಲ್ಲಿ ಅವಳನ್ನು ಅಲ್ಲಗಳೆದವರು ಒಬ್ಬರೂ ಇರಲಿಲ್ಲ. ಅವಳಿಗೆ ದಿಕ್ಕು ತೋಚದಂತಾದದ್ದು ಅದಕ್ಕೇ.

ಆಗ ಅವಳ ಕಣ್ಣು ಗಾಜಿನ ಮೂಲೆಗೆ ಹೋಯಿತು. ಬಿದರಮಾಳದ ದೀಪಗಳೂ, ಮೂಲ ಮಾತು ಆಡಿದಾಗ, ಪಕ್ಕದೂರಿನಂತೆಯೇ ಮಂಕಾಗುತ್ತಿದ್ದವು.

"ಇವ್ಯಾಕ ಮಂಕಾಗ್ಯಾವು? ಇದು ನಮ್ಮೂರು. ಇಲ್ಲಿ ಈ ಮಾತಿಗೇ ಕಾದು ಕುಂತಾರ. ನಮ್ಮ ಆಯಿನ್ನ ಮಾತಾಡಸು."

ಆಯಿಯ ನೆರಳು ಮಾತಾಡಿತು. "ಬಣ್ಣದ ಮಾತು ಯಾಕ ಬೇಕ್ರಿ? ರಸ್ತೆ ಆದ್ರ ಸಾಕು. ಎಲ್ಲಾರೂ ಹೊಂದಿಕೊಂಡು ಹೋಗಬೇಕ್ರಿ." ಪೇಟೆಯ ಹೆಂಗಸರ ನಾಜೂಕು, ಪ್ರತಿ ಮಾತಿಗೊಂದು 'ರೀ'.

"ಇದು ನಮ್ಮ ಆಯಿ ಅಲ್ಲ," ಎಂದಳು ಅನಸೂಯಾ. "ಆಯಿ ಜೀವಮಾನದಾಗ ಯಾರಿಗೂ ರೀ ಹಚ್ಚಿ ಮಾತಾಡಿದಾಕಿ ಅಲ್ಲ. ದೇವರಿಗೂ ಏಕವಚನ."

ತನುಜಾ ಪರದೆ ಕೆದಕಿದಳು. ಅವಳ ಮುಖ ಸಪ್ಪಗಾಯಿತು. "ಮೇಡಂ, ನಿಮ್ಮ ಊರಾಗ ಫೋನು ಕಡಿಮಿ. ಮಾತು ಸಿಗದಾಗ ಯಂತ್ರ ಆಜೂಬಾಜೂದವರ ಮಾತು ತೊಗೊಂಡು ತೇಪಿ ಹಚ್ಚತೈತಿ. ನಿಮ್ಮವರ ನೆರಳೆಲ್ಲಾ... ಬ್ಯಾರೇದವರ ಅರಿವಿಯಿಂದ ಹೊಲದಿದ್ದು."

ಅನಸೂಯಾಗೆ ಆಯಿಯ ಬೆರಳು ನೆನಪಾಯಿತು. ಆ ಕೌದಿಯಲ್ಲೂ ತೇಪೆಯೇ. ಆದರೆ ಅದು ಯಾರದೆಂದು ಬಲ್ಲ ಬೆರಳು ಅಲ್ಲಿತ್ತು.

ಅವಳು ಗೋಡೆಯತ್ತ ತಿರುಗಿದಳು. "ಭೈರು ಅದಾನೇನು ಇದರೊಳಗ?"

ತನುಜಾ ದೇಸಾಯರ ಮುಖ ನೋಡಿದಳು. ಮತದಾರರ ಪಟ್ಟಿ ಪರಿಷ್ಕರಣೆಯಾಗಿರಲಿಲ್ಲ. ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ನೆರಳೂರಿನಲ್ಲಿ ಇದ್ದರು.

"ಬ್ಯಾಡ ತಂಗಿ," ಎಂದರು ದೇಸಾಯರು.

"ಮಾತಾಡಸವಾ."

ಬಿದರಮಾಳದ ಗುಂಪಿನಲ್ಲಿ ಒಂದು ದೀಪ ಮಿನುಗಿತು. ಅವನ ದನಿ ಅಲ್ಲ. ಯಾರದೋ ಯುವಕನ ದನಿ, ಚುರುಕಾಗಿ, ಉಲ್ಲಾಸವಾಗಿ, ಎಲ್ಲೂ ಉಬ್ಬಸವಿಲ್ಲದೆ.

"ನಾ ಭೈರು ಸಿದ್ದಿ. ನನಗ ಏನೂ ತೊಂದರಿ ಇಲ್ಲರಿ. ಆರಾಮ ಅದೀನಿ. ಪಟ್ಟಿ ಚಲೋ ಐತಿ."

ದೇಸಾಯರು ಹೆಗಲ ಮೇಲಿನ ವಸ್ತ್ರ ಕಣ್ಣಿಗೆ ಒತ್ತಿಕೊಂಡರು. ಮಾಸ್ತರರು ತುಟಿಯೊಳಗೇ ಏನೋ ಪ್ರಾರ್ಥಿಸಿದರು. ಅನಸೂಯಾ ಎದ್ದು ಹೋಗಿ ಆ ದೀಪದ ಮೇಲೆ ಬೆರಳಿಟ್ಟಳು. ಗಾಜು ತಣ್ಣಗಿತ್ತು.

"ಈಗರೆ ತಿಳೀತೇನ್ರಿ?" ಎಂದಳು. "ಪಟ್ಟಿಗೆ ನಾವು ಕಾಣೂದಿಲ್ಲ. ಇದಕ್ಕೂ ನಾವು ಕಾಣೂದಿಲ್ಲ. ಕಾಣದಿದ್ದದ್ದನ್ನ ಕೇಳಿ ನೀವು ನನಗ ಬಾಯಿ ಮುಚ್ಚು ಅಂತೀರಿ."

ಹೆಗಡೆ ಕನ್ನಡಕ ತೆಗೆದ. ಅವನ ದನಿಯಲ್ಲೂ ನೋವಿತ್ತು.

"ಅಕ್ಕ, ನಿಮ್ಮವ್ರ ವಿಷಯದಲ್ಲಿ ಇದು ಸುಳ್ಳು. ಒಪ್ಪಿದೆ. ಕೈಮುಗಿದು ಒಪ್ಪಿದೆ. ಆದ್ರೆ ನಿಮ್ಮವ್ರು ಮುನ್ನೂರು ಜನ. ಉಳಿದವ್ರ ವಿಷಯದಲ್ಲಿ ಇದು ಸರಿಯಾಗೇ ಅದೆ. ಗೆಲ್ಲಿಸೂದು, ಸೋಲಿಸೂದು ಉಳಿದವ್ರು."

ಮಾಸ್ತರರು ಟೊಪ್ಪಿಗೆ ಹಾಕಿಕೊಂಡರು. ತೆಗೆದರು. "ಸೋತ್ರ ಸೋಲೂಣು ಅಂತ ನಾ ಹೇಳಬಹುದು ದೇಸಾಯ್ರ. ಆದ್ರ ಸೋತಮ್ಯಾಲ ಈ ಹೆಣಮಗಳ ಮಾತು ಕೇಳವರ್ಯಾರು?" ಅಲ್ಲಿಯವರೆಗೆ ಅವಳ ಪರ ನಿಂತಿದ್ದ ಒಂದೇ ದನಿಯೂ ಹೀಗೆ ಮೆಲ್ಲಗೆ ಆಚೆ ಸರಿಯಿತು.

"ಗೆದ್ದಮ್ಯಾಲ ವಿಧಾನಸಭಾದಾಗ ಹೇಳಿಯಂತ ತಂಗಿ," ಎಂದರು ದೇಸಾಯರು. "ಅಲ್ಲಿ ನೆರಳಿಲ್ಲ. ಖರೇ ಮಂದಿ."

ನೆರಳೂರಿಗೆ ಮತ್ತೊಂದು ಮಾತು ಕೇಳಿದರು: ಉಸಿರಿನ ಬಗ್ಗೆ ಅಕ್ಕ ಏನು ಹೇಳಿದರೆ ಚೆನ್ನ? ಯಂತ್ರವೇ ಹೊಸೆದು ಕೊಟ್ಟಿತು. 'ಎಲ್ಲರ ಉಸಿರೂ ಒಂದೇ.' ಗೋಡೆ ದೀಪಾವಳಿಯಂತೆ ಬೆಳಗಿತು. ಬಿದರಮಾಳವೂ ಬೆಳಗಿತು. ಭೈರುವಿನ ದೀಪ ಎಲ್ಲಕ್ಕಿಂತ ಹೆಚ್ಚು ಬೆಳಗಿತು.

* * *

ಎದುರು ಪಕ್ಷದವರೂ ಅದೇ ಕಂಪನಿಯ ನೆರಳೂರನ್ನೇ ಬಾಡಿಗೆಗೆ ತಂದಿದ್ದರು. ಅವರ ಮಹಡಿಯಲ್ಲೂ ಹಗಲಿಡೀ ಚರ್ಚೆ ನಡೆದಿತ್ತಂತೆ: ಇವಳು ಹೊರಗಿನವಳು, ಹಡಗಿನಲ್ಲಿ ಬಂದವಳು ಎನ್ನೋಣವೇ ಬೇಡವೇ ಎಂದು. ಹಾಗೆ ಹೇಳಿದರೆ ತಮ್ಮ ದೀಪಗಳೂ ಕೆಲವು ಮಂಕಾಗುವುದನ್ನು ಕಂಡು ಅವರೂ ಸುಮ್ಮನಾದರು. ಹೀಗೆ ಇಡೀ ಚುನಾವಣೆಯಲ್ಲಿ ಬಣ್ಣದ ಮಾತು, ಕುಲದ ಮಾತು ಯಾರ ಬಾಯಿಂದಲೂ ಬರಲಿಲ್ಲ. ಪತ್ರಿಕೆಗಳು ಬಹಳ ಹೊಗಳಿದವು. ಇಷ್ಟು ಸ್ವಚ್ಛವಾದ ಚುನಾವಣೆ ಈ ಸೀಮೆ ಕಂಡಿಲ್ಲ ಎಂದು ಬರೆದವು.

ಕೊನೆಯ ಸಭೆ ಪೇಟೆಯ ಮೈದಾನದಲ್ಲಿ. ಬಿದರಮಾಳದವರು ಹಿಂದೆ, ಹುಣಸೆಮರದ ಕೆಳಗೆ, ತಮ್ಮ ಡಮಾಮಿ ಇಟ್ಟುಕೊಂಡು ನಿಂತಿದ್ದರು. ಡಮಾಮಿ ಎಂದರೆ ಅವರ ದೊಡ್ಡ ಚರ್ಮವಾದ್ಯ. ಸತ್ತವರ ಹೆಸರು ಸಭೆಯಲ್ಲಿ ಬಂದಾಗ ಅದಕ್ಕೊಂದು ಪೆಟ್ಟು ಹಾಕುವುದು ಪದ್ಧತಿ. ಆಯಿ ಮುಕ್ತಾಳ ಕೈಹಿಡಿದು ಅದರ ಪಕ್ಕದಲ್ಲೇ ನಿಂತಿದ್ದಳು.

ಅನಸೂಯಾ ಮೈಕಿನ ಮುಂದೆ ಬಂದಳು. ಎರಡೂ ಮಾತು ಅವಳ ಬಾಯಲ್ಲಿದ್ದವು. ಮುಂದಿನ ಸಾಲಿನಲ್ಲಿ ಗಂಗವ್ವ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಗುತ್ತಿದ್ದಳು. ಎಂದಿನ ಅದೇ ನಗು. ಒಂದೇ ಒಂದು ಸಲ ನಿಜವಾದ ಗಂಗವ್ವನ ಮುಂದೆ ನಿಜವಾದ ಮಾತು ಆಡಿ ನೋಡಬಹುದಿತ್ತು. ಯಂತ್ರ ಕಾಣದ ಯಾವುದೋ ಒಂದು ಮೂಲೆ ಈ ಹೆಂಗಸಿನ ಒಳಗೂ ಇದ್ದೀತು. ದೇವರು ಬಚ್ಚಿಟ್ಟದ್ದನ್ನೆಲ್ಲ ಯಾರು ತಾನೇ ಪೂರ್ತಿ ತೆಗೆದಾರು? ಅನಸೂಯಾಗೆ ಹಾಗೆ ಅನ್ನಿಸಿತು. ಆದರೆ ಗಂಗವ್ವನ ಮುಖ ನೋಡುತ್ತಿದ್ದಂತೆ ಅದು ಮಂಕಾಗುವುದು ಅವಳ ಕಣ್ಣಿಗೆ ಕಟ್ಟಿತು. ನೆರಳನ್ನು ನೋಡಿ ನೋಡಿ ಅವಳಿಗೆ ಈಗ ಮನುಷ್ಯರೆಲ್ಲ ದೀಪವಾಗಿ ಕಾಣುತ್ತಿದ್ದರು.

"ನನ್ನ ತಮ್ಮ..." ಎಂದಳು. ಹುಣಸೆಮರದ ಕೆಳಗೆ ಕೋಲೆತ್ತಿದ ಕೈ ಮೇಲಕ್ಕೆ ಹೋಯಿತು. "ನನ್ನ ತಮ್ಮಂದಿರ, ತಂಗ್ಯಾರ, ಎಲ್ಲರ ಉಸಿರೂ ಒಂದೇ."

ಚಪ್ಪಾಳೆಯ ಸದ್ದು ಕಾಳಿ ನದಿಗೂ ಕೇಳಿಸಿರಬೇಕು. ಮೇಲೆ ಹೋದ ಕೈ ಬಹಳ ಹೊತ್ತು ಹಾಗೆಯೇ ಇದ್ದು, ಮೆಲ್ಲಗೆ ಕೆಳಗಿಳಿಯಿತು.

* * *

ಅವಳು ಗೆದ್ದಳು. ವಿಧಾನಸಭೆಯಲ್ಲಿ ಪ್ರಶ್ನೆಯನ್ನೂ ಕೇಳಿದಳು. ಉತ್ತರ ಕೊಟ್ಟ ಮಂತ್ರಿ ಕೈಮುಗಿದು, "ಮಾನ್ಯ ಸದಸ್ಯೆಯವರೇ ಚುನಾವಣೆಯಲ್ಲಿ ಎಷ್ಟು ಸೊಗಸಾಗಿ ಹೇಳಿದ್ದಾರೆ, ಎಲ್ಲರ ಉಸಿರೂ ಒಂದೇ! ಉಸಿರಿಗೆ ಬಣ್ಣ ಬಳಿಯುವುದು ಬೇಡ" ಎಂದರು. ಎರಡೂ ಕಡೆಯವರು ಮೇಜು ತಟ್ಟಿದರು. ಹೊರಗೆ ದೇಸಾಯರು ಅವಳ ತಲೆ ಸವರಿ, ಪಂಚಾಯಿತಿ ಚುನಾವಣೆ ಬಂದಿದೆ, ಅದೊಂದು ಮುಗಿಯಲಿ ತಂಗಿ ಎಂದರು. ಸರಕಾರಕ್ಕೆ ಅವಳ ಮಾತು ಎಷ್ಟು ಹಿಡಿಸಿತೆಂದರೆ, ಪಕ್ಷ ಬೇರೆಯಾದರೂ ಅವಳ ಹೊಂಬಿಸಿಲಿನ ಚಿತ್ರದೊಂದಿಗೆ ಅದನ್ನು ಎಲ್ಲ ಆಸ್ಪತ್ರೆಗಳ ಗೇಟಿಗೂ ಹಚ್ಚಿದರು.

ಚಳಿ ಬಂತು. ಒಂದು ಬೆಳಿಗ್ಗೆ ಅವಳು ಊರಿನಲ್ಲಿದ್ದಾಗಲೇ ಮುಕ್ತಾಳ ಎದೆಯ ಬೆಕ್ಕು ಎದ್ದಿತು. ಅನಸೂಯಾ ಹುಡುಗಿಯ ತುಟಿ ಬಿಡಿಸಿ ನೋಡಿದಳು. ಬೂದಿ. ಕೌದಿಯ ಸಮೇತ ಎತ್ತಿಕೊಂಡು ಕಾರಿಗೆ ಹಾಕಿದಳು. ಆಯಿಯೂ ಹತ್ತಿದಳು. ಗೇಟಿನಲ್ಲಿ ಪಟ್ಟಿ ಹಸಿರು. "ನೀವು ಆರೋಗ್ಯವಾಗಿದ್ದೀರಿ" ಎಂದಿತು ಅದೇ ಜೇನು ದನಿ. ಗೇಟಿನ ಮೇಲಿನ ಚಿತ್ರದಲ್ಲಿ ಬೆಲ್ಲದ ಬಣ್ಣದ ಅನಸೂಯಾ ನಗುತ್ತಿದ್ದಳು.

ಕಾವಲುಗಾರ ಚಿತ್ರ ನೋಡಿದ, ಅವಳನ್ನು ನೋಡಿದ. "ಅಯ್ಯ, ನೀವೇನ್ರಿ ಅಕ್ಕಾರ! ಮಷೀನಿಗೇನ್ ತಿಳೀತೈತಿ, ಬರ್ರಿ ಬರ್ರಿ," ಎಂದು ಪಕ್ಕದ ಸಣ್ಣ ಬಾಗಿಲಿನ ಬೀಗ ತೆಗೆದ.

ಒಳಗೆ ಹೋಗುವಾಗ ಅವಳು ಹಿಂದಿರುಗಿ ನೋಡಿದಳು. ಗೇಟಿನಾಚೆಯ ಕಲ್ಲಿನ ಮೇಲೆ ಬಿದರಮಾಳದ ಮುದುಕ, ಡಮಾಮಿ ಬಡಿಯುವ ಕೈತಾನ್, ಮೊಣಕಾಲಿನ ನಡುವೆ ತಲೆಯಿಟ್ಟು ಕೂತಿದ್ದ. ಅವನ ಮುಂಗೈಯೂ ಹಸಿರು.

"ಅವರನ್ನೂ ಬಿಡಪ್ಪಾ."

"ಅವ್ರನ್ನ ಹೆಂಗ ಬಿಡಲ್ರಿ? ನನ್ನ ನೌಕರಿ ಹೋಗತೈತಿ. ನಿಮ್ಮದಂದ್ರ ಮಾತು ಬ್ಯಾರೆ." ಕಾವಲುಗಾರ ಬಾಗಿಲು ಎಳೆದುಕೊಂಡ. ಅವಳ ತೋಳಿನಲ್ಲಿ ಹುಡುಗಿಯ ಉಸಿರು ಎಳೆಯುತ್ತಿತ್ತು. ಅವಳು ಒಳಗೆ ನಡೆದಳು. ಹುಡುಗಿಗೆ ಹಾಸಿಗೆ ಸಿಕ್ಕಮೇಲೆ ವೈದ್ಯರನ್ನು ಬೇಡಿಕೊಂಡು ಕರೆತಂದಾಗ, ಕಲ್ಲಿನ ಮೇಲೆ ಕೈತಾನ್ ಇರಲಿಲ್ಲ. ಯಾರೋ ಟೆಂಪೋದಲ್ಲಿ ಮನೆಗೆ ಕರೆದುಕೊಂಡು ಹೋದರು ಎಂದರು.

ಮರುದಿನ ಇಳಿಹೊತ್ತಿನಲ್ಲಿ ಮುಕ್ತಾ ಎದ್ದು ಕೂತು ಗಂಜಿ ಕುಡಿದಳು. ಅದೇ ಹೊತ್ತಿಗೆ ಬಿದರಮಾಳದಿಂದ ಸುದ್ದಿ ಬಂತು. ಕೈತಾನನ ಮಣ್ಣಿಗೆ ಡಮಾಮಿ ಬಡಿಯಲು ಬರುವವರು ಇನ್ನೊಬ್ಬರಿರಲಿಲ್ಲವಂತೆ.

ಆಯಿ ಅನಸೂಯಾಳನ್ನು ಮನೆಗೆ ಕರೆತಂದು, ಹಣತೆಗೆ ಎಣ್ಣೆ ಹಾಕಿ, ಅಡುಗೆಮನೆಯ ಮೂಲೆಯಲ್ಲಿ ಕೂರಿಸಿದಳು. "ಹೋದ ಕೆಲಸ ಆತಲ್ಲ. ಹೇಳು ಹಿರೇರಿಗೆ. ಕೈತಾನೂ ಈಗ ಅಲ್ಲೇ ಅದಾನ."

ಅನಸೂಯಾ ಹೇಳಿದಳು. ತೆಂಗಿನಕಾಯಿಗೆ, ಮಣ್ಣಿನ ಕಟ್ಟೆಗೆ, ಹೊಗೆ ಹಿಡಿದ ಗೋಡೆಗೆ ಹೇಳಿದಳು. "ಪ್ರಾಣಪಟ್ಟಿಗೆ ನಮ್ಮ ಕಪ್ಪು ಚರ್ಮ ಓದಾಕ ಬರೂದಿಲ್ಲ. ಅದಕ್ಕ ನನ್ನ ತಮ್ಮ ಭೈರು ಸತ್ತ. ಅದಕ್ಕ ಕೈತಾನ್ ಅಜ್ಜ ಸತ್ತ. ನಾ ಮಂದಿ ಮುಂದ ಹೇಳಲಿಲ್ಲ."

ಅವಳ ಕಣ್ಣು ಅಭ್ಯಾಸಬಲದಿಂದ ಹಣತೆಯ ಕಡೆ ಹೋಯಿತು. ಅದು ಮಂಕಾಗಲಿಲ್ಲ. ಹೆಚ್ಚಾಗಿ ಬೆಳಗಲೂ ಇಲ್ಲ. ಎಣ್ಣೆ ಇದ್ದಷ್ಟು ಉರಿಯುತ್ತಿತ್ತು.

"ಇಷ್ಟ ಏನು?" ಎಂದಳು ಆಯಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಅಚ್ಚರಿಯಿತ್ತು. "ಇಷ್ಟ ಮಾತೇನು ನೀ ಹೇಳಾಕಾಗದ್ದು?"

ಅನಸೂಯಾ ಮುಂಗೈಯನ್ನು ಸೆರಗಿನಿಂದ ಮುಚ್ಚಿಕೊಂಡಳು. ಬಟ್ಟೆಯ ಒಳಗಿಂದಲೂ ಪಟ್ಟಿ ಹಸಿರಾಗಿ ಕಾಣುತ್ತಿತ್ತು.